ಚಕ್ಕಲಿ ಸೋರ್ಯಾದಂಥ ಮಷೀನು

ಆಗ ನನಗೆ ಮೂವತ್ತಾರು. ಅದಾಗಿ ಮೂವತ್ತು ವರ್ಷ ಮೇಲಾಯಿತು. ಕಾಗವಾಡದ ಹೊರಗೆ, ಅಥಣಿ ರಸ್ತೆಗೆ ಹತ್ತಿಕೊಂಡಿದ್ದ ಪೈಪಿನ ಕಾರಖಾನೆಯಲ್ಲಿ ನಾನಿದ್ದೆ. ಪ್ಲಾಸ್ಟಿಕ್ ಕರಗಿಸಿ, ಅದು ಬೇಗ ಹರಿಯುತ್ತದೋ ನಿಧಾನ ಹರಿಯುತ್ತದೋ ನೋಡುವುದು ನನ್ನ ಕೆಲಸ. ಕೇಳಿದವರೆಲ್ಲ ನಗುತ್ತಿದ್ದರು. "ಅದನ್ನ ನೋಡಾಕ ಪಗಾರ ಕೊಡ್ತಾರೇನ?" ಅನ್ನುತ್ತಿದ್ದರು. ಕೊಡುತ್ತಿದ್ದರು. ನಾನು ತೆಗೆದುಕೊಳ್ಳುತ್ತಿದ್ದೆ.

ಮೊನ್ನೆ ಹಾರೂಗೇರಿ ಬಸ್ಸಿನಲ್ಲಿ ಒಬ್ಬ ಹುಡುಗಿ ನನ್ನ ಪಕ್ಕ ಕೂತಳು. ಬಿ.ಎಸ್ಸಿ. ಮುಗಿಸಿ ಡ್ರಿಪ್ ಪೈಪಿನ ಕಾರಖಾನೆಯ ಲ್ಯಾಬಿಗೆ ಹೊಸದಾಗಿ ಸೇರಿದ್ದಾಳಂತೆ. ಈಗಿನ ಮಷೀನು ತಾನೇ ಕಾಯುತ್ತದೆ, ತಾನೇ ಕತ್ತರಿಸುತ್ತದೆ, ಬಟನ್ ಒತ್ತಿದರೆ ಅಂಕಿ ಬರುತ್ತದೆ ಎಂದಳು. "ಅಜ್ಜಿ, ಬಟನ್ ಇಲ್ಲದಾಗ ನೀವು ಹೆಂಗ ಮಾಡ್ತಿದ್ರಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಸ್ಟಾಪು ಬಂತು. ಇಳಿದು ಹೋದಳು. ಅವಳಿಗೆ ಹೇಳಬೇಕಾಗಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಮೂರನೆಯ ಇಯತ್ತೆ. ಒತ್ತಕ್ಷರವನ್ನು ಮೊಮ್ಮಗಳು ತಿದ್ದಿದ್ದಾಳೆ. ಮಾತು ನನ್ನದು. ಬೈಯುವುದಿದ್ದರೆ ನನ್ನನ್ನೇ ಬೈಯಿರಿ.

ನನ್ನ ತವರು ನಿಪ್ಪಾಣಿ. ಮದುವೆಗೆ ಮುಂಚೆ ತಂಬಾಕಿನ ವಖಾರದಲ್ಲಿ ಎಲೆ ಆರಿಸುತ್ತಿದ್ದೆ. ಹಾಗಾಗಿ ನನ್ನ ಮೂಗು ಚುರುಕು ಎಂದು ನನಗೆ ಸೊಕ್ಕಿತ್ತು. ಮದುವೆಯಾಗಿ ಕಾಗವಾಡಕ್ಕೆ ಗಂಡನ ಮನೆಗೆ ಬಂದ ಮೇಲೆ ಕೆಲವು ವರ್ಷ ದ್ರಾಕ್ಷಿ ತೋಟದ ಕೂಲಿ ಮಾಡಿದೆ. ಪೈಪಿನ ಕಾರಖಾನೆ ಶುರುವಾದಾಗ ಅಲ್ಲಿ ಸೇರಿದೆ. ಮೊದಲ ಕೆಲಸ ನೀರಿನ ಟಾಕಿಯಲ್ಲಿ. ಒಡೆದ ಬಕೆಟ್ಟು, ಎಣ್ಣೆ ಡಬ್ಬಿ, ಹರಿದ ಪೈಪು, ಎಲ್ಲಿಯದೋ ಸಂಡಾಸದ ತಂಬಿಗೆ, ಎಲ್ಲ ಗಾಡಿಗಟ್ಟಲೆ ಬರುತ್ತಿತ್ತು. ಸೋಡಾ ಹಾಕಿದ ನೀರಿನಲ್ಲಿ ಮೊಣಕಾಲಮಟ ನಿಂತು ಅದನ್ನು ತೊಳೆಯುವುದು. ಬೆರಳಿನ ಸಂದು ಬಿರಿದು ಊಟಕ್ಕೆ ಕೂತಾಗ ಖಾರ ಹತ್ತಿದರೆ ಜೀವ ಹೋಗುತ್ತಿತ್ತು. ಆ ಕೆಲಸದ ಬಗ್ಗೆ ಚಂದದ ಮಾತು ಒಂದೂ ಇಲ್ಲ. ಬರೆಯುವುದಿಲ್ಲ.

ನಮ್ಮ ಮಾಲಕರ ಹೆಸರು ಅಣ್ಣಾಸಾಬ. ಕಬ್ಬಿನ ಜಮೀನು ಇದ್ದ ಮನೆತನ. ದೊಡ್ಡ ಗಂಟಲು, ದೊಡ್ಡ ಮೀಸೆ, ಮನಸ್ಸೂ ಸಣ್ಣದಲ್ಲ. ಆಗ ಅವರ ಪರೀಕ್ಷೆ ಹೇಗಿತ್ತು ಅಂದರೆ, ಸಾಬೂದಾಣಿಯಷ್ಟು ದೊಡ್ಡ ಪ್ಲಾಸ್ಟಿಕ್ ಕಾಳು ಚೀಲದಲ್ಲಿ ಬರುತ್ತಿತ್ತು, ಅದಕ್ಕೆ ದಾಣಾ ಅನ್ನುತ್ತಿದ್ದೆವು. ಅಣ್ಣಾಸಾಬರು ಒಂದು ಕಾಳು ಹಲ್ಲಿಗೆ ಹಾಕಿ ಕಚ್ಚುತ್ತಿದ್ದರು. ಇನ್ನೊಂದಕ್ಕೆ ಕಡ್ಡಿ ಗೀರಿ ಹೊಗೆ ಮೂಸುತ್ತಿದ್ದರು. ಮೇಣಬತ್ತಿ ವಾಸನೆ ಬಂದರೆ, "ಚಲೋ ಮಾಲ ಐತಿ, ಹಾಕ್ರಿ" ಅನ್ನುತ್ತಿದ್ದರು. ತಯಾರಾದ ಪೈಪನ್ನು ಮೊಣಕಾಲಿಗೆ ಇಟ್ಟು ಬಗ್ಗಿಸುತ್ತಿದ್ದರು. ಮುರಿಯದಿದ್ದರೆ ಮಾರಾಟ.

ಈ ಪರೀಕ್ಷೆಗೆ ತಕ್ಕ ಪ್ರಸಾದವನ್ನು ಜುಗೂಳದ ರೈತ ಭೀಮಣ್ಣ ತಂದುಕೊಟ್ಟ. ಕೃಷ್ಣಾ ನದಿಯಿಂದ ಊರವರ ಕಬ್ಬಿಗೆ ನೀರು ಏರಿಸಲು ನಮ್ಮ ಪೈಪು ಹೂಳಿದ್ದರು. ಮೋಟಾರು ಚಾಲೂ ಮಾಡಿದ ವಾರದೊಳಗೆ ಪೈಪು ಉದ್ದಕ್ಕೆ ಸೀಳಿತು. ನೀರು ತೆಂಗಿನ ಮರದೆತ್ತರ ಚಿಮ್ಮಿತಂತೆ. ಭೀಮಣ್ಣ ಸೀಳಿದ ಪೈಪನ್ನು ಟ್ರ್ಯಾಕ್ಟರಿನಲ್ಲಿ ಹೇರಿ ತಂದು ನಮ್ಮ ಗೇಟಿನ ಬಾಯಿಗೆ ಅಡ್ಡ ಹಾಕಿದ.

"ಅಣ್ಣಾಸಾಬ್ರ, ಇದನ್ನ ಕಚ್ಚಿ ನೋಡ್ರಿ ಈಗ," ಎಂದ.

ಟಾಕಿಯಲ್ಲಿದ್ದ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಅಣ್ಣಾಸಾಬರು ನಗಲಿಲ್ಲ. ಪೈಪು ಬದಲಾಯಿಸಿ ಕೊಟ್ಟರು. ಆ ತಿಂಗಳೇ ಮುಂಬೈ ಕಡೆಗೆ ಹೋಗಿ ಒಂದು ಮಷೀನು ತಂದರು. ಅದನ್ನು ನಡೆಸಲು ಸುರೇಖಾಬಾಯಿಯನ್ನೂ ಕೆಲಸಕ್ಕೆ ತೆಗೆದುಕೊಂಡರು.

ಸುರೇಖಾಬಾಯಿ ಕಾಗವಾಡದ ಜೈನರ ಮನೆಯ ಹುಡುಗಿ. ಸಾಂಗಲಿಯಲ್ಲಿ ಕೆಮಿಸ್ಟ್ರಿ ಓದಿದ್ದಳು. ಇಪ್ಪತ್ತೆರಡು ಇಪ್ಪತ್ಮೂರು ಇರಬೇಕು. ಅವರಪ್ಪ ವರ ನೋಡುವುದನ್ನು ನಿಲ್ಲಿಸಿರಲಿಲ್ಲ. ಕೆಲಸ ಚೆನ್ನಾಗಿ ನಡೆದರೆ ಇರಲಿ, ಇಲ್ಲದಿದ್ದರೆ ಮನೆಗೆ ಬಾ ಎಂದು ಹೇಳಿ ಕಳಿಸಿದ್ದರಂತೆ. ಅವಳು ಬಂದ ದಿನವೇ ಟಾಕಿಯ ಕಡೆ ಬಂದು ನಮ್ಮನ್ನೆಲ್ಲ ನೋಡಿದಳು. ನನ್ನನ್ನು ಬೆರಳು ಮಾಡಿ ಕರೆದಳು.

"ಅಕ್ಕಾ, ನಿನ್ನ ಹೆಸರೇನ?"

"ಬಾಳವ್ವ ಅಂತಾರ್ರಿ."

"ಬಿಸಿ ಕೆಲಸ ಐತಿ. ಕೈ ನಡುಗಬಾರದು. ಬರತೀಯೇನು?"

"ನನಗ ಓದಾಕ ಅಷ್ಟ ಬರಂಗಿಲ್ರಿ ಬಾಯಾರ."

"ಅಂಕಿ ಬರತಾವಿಲ್ಲೋ?"

"ಬಸ್ಸಿನ ನಂಬರ ಓದತೀನ್ರಿ."

"ಸಾಕು, ಬಾ."

ಹಾಗೆ ನಾನು ನೀರಿನಿಂದ ಬೆಂಕಿಗೆ ಬಂದೆ. ಖೋಲಿ ಸಣ್ಣದು, ಸುಣ್ಣ ಹೊಡೆದದ್ದು, ಒಣಗಿದ್ದು. ಮೊದಲ ದಿನ ಆ ಒಣ ನೆಲದ ಮೇಲೆ ಬರಿಗಾಲಲ್ಲಿ ನಿಂತದ್ದೇ ನನಗೆ ಹಬ್ಬವಾಯಿತು.

ಮಷೀನು ನೋಡಿದರೆ ನಗು ಬಂತು. ನಮ್ಮ ಕಡೆ ಚಕ್ಕಲಿ ಮಾಡಲು ಹಿತ್ತಾಳೆಯ ಸೋರ್ಯಾ ಇರುತ್ತದಲ್ಲ, ಒಳಗೆ ಹಿಟ್ಟು ತುಂಬಿ ಮೇಲಿನಿಂದ ಒತ್ತುವುದು, ಅದರ ಅಣ್ಣನಂತಿತ್ತು. ನಡುವೆ ತೂತಿರುವ ಉಕ್ಕಿನ ಕಂಬ. ಸುತ್ತ ಕರೆಂಟಿನ ಕಾವು. ತಳದಲ್ಲಿ ಸಜ್ಜೆ ಕಾಳು ತೂರುವಷ್ಟು ಸಣ್ಣ ಕಿಂಡಿ. ಮೇಲಿನಿಂದ ಬಡಿಗೆಯಂಥ ಒತ್ತುಗೋಲು. ಅದರ ತಲೆಯ ಮೇಲೆ ಕಬ್ಬಿಣದ ತೂಕದ ಕಲ್ಲು. ಒಳಗೆ ದಾಣಾ ಹಾಕಿ, ಕರಗಲು ಬಿಟ್ಟು, ಕಲ್ಲು ಇಟ್ಟರೆ ಕಿಂಡಿಯಿಂದ ಎಳೆ ಇಳಿಯುತ್ತದೆ. ಸುರೇಖಾಬಾಯಿ ಗಡಿಯಾರ ಹಿಡಿದು "ಹ್ಞಾ" ಅಂದ ಕೂಡಲೇ ನಾನು ಬ್ಲೇಡಿನಿಂದ ಎಳೆ ಕತ್ತರಿಸಬೇಕು. ಮತ್ತೆ "ಹ್ಞಾ", ಮತ್ತೆ ಕತ್ತರಿಸಬೇಕು. ಆ ತುಂಡುಗಳನ್ನು ಬಂಗಾರ ತೂಗುವಂಥ ಸಣ್ಣ ತಕ್ಕಡಿಯಲ್ಲಿ ತೂಗಬೇಕು. ಇಷ್ಟೇ ಕೆಲಸ.

"ಇದರಿಂದ ಏನ ತಿಳೀತದರಿ?" ಎಂದು ಕೇಳಿದೆ.

"ಅಣುತೂಕ," ಎಂದಳು.

"ತುಂಡಿನ ತೂಕ ಏನ್ರಿ?"

"ಅಲ್ಲ ಅಕ್ಕಾ. ಮನಿಯಾಗ ಶ್ಯಾವಿಗಿ ಬಸದಿ ಅಂತ ತಿಳಿ. ಉದ್ದ ಶ್ಯಾವಿಗಿ ಇದ್ರ ಏನಾಗತೈತಿ? ಒಂದ ಎಳಿ ಎತ್ತಿದ್ರ ಇಡೀ ತಾಟ ಎದ್ದ ಬರತೈತಿ. ಮುರದ ಚೂರ ಇದ್ರ?"

"ಬೆರಳಿನಾಗಿಂದ ಜಾರಿ ಬೀಳತಾವ."

"ಪ್ಲಾಸ್ಟಿಕ್ಕಿನೊಳಗೂ ಹಂಗ ಎಳಿ ಅದಾವ. ಕಣ್ಣಿಗೆ ಕಾಣಂಗಿಲ್ಲ, ತಕ್ಕಡಿಗೆ ಸಿಗಂಗಿಲ್ಲ. ಎಳಿ ಉದ್ದ ಇದ್ದಷ್ಟೂ ಅದರ ತೂಕ ಹೆಚ್ಚ. ಅದನ್ನ ತೂಗಾಕ ಆಗೂದಿಲ್ಲಂತ ಕರಗಿಸಿ ಒತ್ತತೀವಿ. ಬಡಬಡ ಹರದ ಬಂತೋ, ಎಳಿ ಗಿಡ್ಡ. ಒಲ್ಲೆ ಒಲ್ಲೆ ಅಂತ ಬಂತೋ, ಎಳಿ ಉದ್ದ."

"ಪೈಪಿಗೆ ಯಾವದ ಬೇಕರಿ?"

"ಒಲ್ಲೆ ಅನ್ನೂದ ಬೇಕು. ಉದ್ದ ಎಳಿ ಒಂದಕ್ಕೊಂದ ತೊಡಕ ಬಿದ್ದಿರತಾವ, ನೀರ ಒಳಗಿಂದ ಎಷ್ಟ ದಬ್ಬಿದ್ರೂ ಬಿಡಂಗಿಲ್ಲ. ಬಡಬಡ ಹರಿಯೂದು ಬಕೀಟಿಗೆ ಚಲೋ. ಜುಗೂಳದಾಗ ಸೀಳಿದ್ದು ಬಕೀಟ."

ನನಗೆ ಅಲ್ಲಿಗೆ ತಿಳಿಯಿತು. ಮೂಗಿಗೆ ಎರಡೂ ಒಂದೇ ಮೇಣಬತ್ತಿ. ಹಲ್ಲಿಗೆ ಎರಡೂ ಒಂದೇ ಕಾಳು. ಎಳೆಯ ಉದ್ದ ಮೂಗಿಗೂ ಹಲ್ಲಿಗೂ ಹತ್ತುವುದಿಲ್ಲ.

ಹೊಸದರಲ್ಲಿ ಏನೇನು ಆಯಿತು ಕೇಳಿರಿ. ಕಂಬ ಕಾದದ್ದು ಕಣ್ಣಿಗೆ ಕಾಣುವುದಿಲ್ಲ, ಕೆಂಪಾಗುವುದಿಲ್ಲ, ಸುಮ್ಮನೆ ನಿಂತಿರುತ್ತದೆ. ಮುಟ್ಟಿದವರಿಗೆ ಮಾತ್ರ ಗೊತ್ತು. ನನ್ನ ಎಡಗೈ ಮೇಲೆ ಆ ಕಂಬ ಕೊಟ್ಟ ಕಲೆ ಇನ್ನೂ ಇದೆ. ದಾಣಾ ಒಮ್ಮೆಲೇ ಸುರಿದರೆ ನಡುವೆ ಗಾಳಿ ಸಿಕ್ಕಿ ಎಳೆಯಲ್ಲಿ ಗುಳ್ಳೆ ಬರುತ್ತದೆ, ಆ ತುಂಡು ಲೆಕ್ಕಕ್ಕಿಲ್ಲ. ಸ್ವಲ್ಪ ಹಾಕಬೇಕು, ಒತ್ತಬೇಕು, ಮತ್ತೆ ಸ್ವಲ್ಪ ಹಾಕಬೇಕು, ಕೂಸಿಗೆ ತುತ್ತು ಕೊಟ್ಟ ಹಾಗೆ. ಪರೀಕ್ಷೆ ಮುಗಿದ ಮೇಲೆ ಬಿಸಿ ಇರುವಾಗಲೇ ಅರಿವೆ ಸುತ್ತಿದ ಕೋಲಿನಿಂದ ಒಳಗನ್ನು ಒರೆಸಬೇಕು. ಆರಲು ಬಿಟ್ಟಿರೋ, ಮರುದಿನ ಕಿಂಡಿಯ ಜೊತೆ ಕುಸ್ತಿ.

ಬೇಸಿಗೆಯಲ್ಲಿ ಒಮ್ಮೆ ಸುರೇಖಾಬಾಯಿ ತುಂಡುಗಳನ್ನು ತಕ್ಕಡಿಗೆ ಹಾಕಿ ಮೇಲಿನ ಫ್ಯಾನು ಹಚ್ಚಿದಳು. ತುಂಡು ಒಂದೂ ಉಳಿಯಲಿಲ್ಲ. ಇಬ್ಬರೂ ನೆಲದ ಮೇಲೆ ಮಂಡಿಯೂರಿ ಹುಡುಕುತ್ತಿದ್ದಾಗ ಅಣ್ಣಾಸಾಬರು ಬಂದು ಬಾಗಿಲಲ್ಲಿ ನಿಂತರು.

"ಏನ ಕಳದ್ರಿ ಬಾಯಾರ, ಮೂಗಬಟ್ಟೇನು?"

"ಅಣುತೂಕ ಕಳದೈತ್ರಿ," ಎಂದಳು ಅವಳು, ತಲೆ ಎತ್ತದೆ.

ಅವತ್ತಿನಿಂದ ತೂಗುವಾಗ ಫ್ಯಾನು ಬಂದ್. ಬೆವರು ಹರಿದರೂ ಬಂದ್.

ಒಬ್ಬ ದಾಣಾ ವ್ಯಾಪಾರಿಯ ಕಥೆ ಹೇಳಲೇಬೇಕು. ನಮ್ಮಲ್ಲಿ ಮಷೀನು ಬಂದಿದೆ ಎಂದು ಅವನಿಗೆ ತಿಳಿದಿತ್ತು. ಅವನ ಮಾಲನ್ನು ಒತ್ತಿದರೆ ಅಂಕಿ ಸರಿಯಾಗಿಯೇ ಬಂತು. ಆದರೂ ಸುರೇಖಾಬಾಯಿ ಆ ಎಳೆಯನ್ನು ಬೆಳಕಿಗೆ ಹಿಡಿದು ಮುಖ ಸೊಟ್ಟ ಮಾಡಿದಳು. ಎಳೆ ಒಂದು ಕಡೆ ನುಣುಪು, ಒಂದು ಕಡೆ ಒರಟು. "ಬಾಳಕ್ಕಾ, ಭಾರದ ಕಲ್ಲ ಇಡು," ಎಂದಳು. ಹಗುರ ಕಲ್ಲಿಗೆ ನಿಧಾನ ಬಂದಿದ್ದ ಮಾಲು, ಭಾರದ ಕಲ್ಲು ಬಿದ್ದ ಕೂಡಲೇ ನಮ್ಮ ಒಳ್ಳೆಯ ಮಾಲಿಗಿಂತ ಎಷ್ಟೋ ಜೋರಾಗಿ ಓಡಿತು. ಬಹಳ ಉದ್ದದ್ದು, ಬಹಳ ಗಿಡ್ಡದ್ದು ಎರಡನ್ನೂ ಬೆರೆಸಿ ನಡುವಿನ ಅಂಕಿ ಬರುವ ಹಾಗೆ ಮಾಡಿದ್ದ. ಅವಳು ವ್ಯಾಪಾರಿಗೆ ಚಹಾ ಕೊಡಿಸಿ, ಚೀಲಗಳನ್ನು ವಾಪಸು ಹೇರಿಸಿದಳು. ಹೊಸ ಹುಡುಗಿಯರು ಇದನ್ನು ನೆನಪಿಡಿರಿ. ಒಂದು ಅಂಕಿ ಒಂದೇ ಮಾತು ಹೇಳುತ್ತದೆ. ಅನುಮಾನ ಬಂದರೆ ಕಲ್ಲು ಬದಲಿಸಿ ಇನ್ನೊಂದು ಮಾತು ಕೇಳಬೇಕು.

ಈಗ ದಸರೆಯ ಮಾತಿಗೆ ಬರುತ್ತೇನೆ.

ಅಣ್ಣಾಸಾಬರ ತಾಯಿಯನ್ನು ನಾವೆಲ್ಲ ಆಯಿ ಅನ್ನುತ್ತಿದ್ದೆವು. ಮನೆ ಕಾರಖಾನೆಯ ಹಿಂದೆಯೇ. ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ, ಕಚ್ಚೆ ಸೀರೆ, ಕೈಯಲ್ಲಿ ಯಾವಾಗಲೂ ಏನಾದರೂ ತಿನ್ನುವುದು. ಸುರೇಖಾಬಾಯಿಯ ಮೇಲೆ ಆಯಿಗೆ ಬಹಳ ಜೀವ. ಆ ವರ್ಷ ನವರಾತ್ರಿಗೆ ಕಾರಖಾನೆಯಲ್ಲಿಯೂ ಘಟ ಕೂಡ್ರಿಸಬೇಕು ಎಂದು ಆಯಿ ಹಟ ಹಿಡಿದಳು. ಕಾರಖಾನೆಯೆಲ್ಲ ಸುತ್ತಿ ನೋಡಿ, "ಈ ಖೋಲಿ ಒಂದ ಚೊಕ್ಕ ಐತಿ. ಉಳದದ್ದೆಲ್ಲ ಸಂಡಾಸದ ನಾತ," ಎಂದು ನಮ್ಮ ಖೋಲಿಯ ಮೂಲೆಯಲ್ಲಿ ಮಣ್ಣು ಹರಡಿ, ಗೋದಿ ಬಿತ್ತಿ, ಘಟ ಇಟ್ಟಳು. ದೀಪ ಒಂಬತ್ತು ದಿನ ಆರಬಾರದು. ನಾವು ಬರುವುದಕ್ಕೆ ಮುಂಚೆ ದಿನಾ ಬೆಳಿಗ್ಗೆ ಆಯಿ ಬಂದು ದೀಪಕ್ಕೆ ಎಣ್ಣೆ ಹಾಕಿ, ಧೂಪ ಹಾಕಿ, ಮಷೀನಿಗೆ ಕುಂಕುಮ ಹಚ್ಚಿ ಹೋಗುತ್ತಿದ್ದಳು. ನಾವು ಬಾಗಿಲು ತೆಗೆದರೆ ಖೋಲಿ ತುಂಬ ಹೊಗೆ, ಎಣ್ಣೆಯ ವಾಸನೆ. ಚೆನ್ನಾಗಿಯೇ ಇತ್ತು.

ಘಟ ಕೂತ ಮೂರನೆಯ ದಿನವೋ ನಾಲ್ಕನೆಯ ದಿನವೋ ಹೊಸ ದಾಣಾದ ಲಾರಿ ಬಂತು. ಅದು ಜುಗೂಳದವರು ಹೊಸದಾಗಿ ಹಾಕುವ ಎರಡನೆಯ ಪೈಪಿನ ಮಾಲು. ಭೀಮಣ್ಣ ಮತ್ತೆ ನಮ್ಮನ್ನೇ ನಂಬಿ ಬಂದಿದ್ದ. ಊರವರು ಹೊಳೆಯಿಂದ ಹೊಲದವರೆಗೆ ಪೈಪು ಹೂಳುವ ಚರಿ ತೋಡಿ ತೆರೆದೇ ಇಟ್ಟಿದ್ದರು. ಎರೆಮಣ್ಣು. ಒಂದು ದೊಡ್ಡ ಮಳೆ ಬಿದ್ದರೆ ಚರಿ ಮುಚ್ಚಿ, ತೋಡಿದ್ದೆಲ್ಲ ದಂಡ. ಸಂಜೆ ಸಂಜೆ ಮೋಡ ಕಟ್ಟುತ್ತಿತ್ತು.

ಬೆಳಿಗ್ಗೆ ಹೊಸ ದಾಣಾ ಒತ್ತಿದೆವು. ಎಳೆ ಸರ್ ಎಂದು ಇಳಿಯಿತು. ಸುರೇಖಾಬಾಯಿ "ಹ್ಞಾ" ಅನ್ನುವಷ್ಟರಲ್ಲಿ ಗೇಣುದ್ದ.

"ಬಕೀಟ," ಎಂದಳು. ಮುಖ ಇಳಿಯಿತು. ಅಣ್ಣಾಸಾಬರಿಗೆ ಹೇಳಿ ಕಳಿಸಿದಳು. ಅವರು ಬಂದು, "ಇನ್ನೊಮ್ಮೆ ನೋಡ್ರಿ," ಎಂದರು. ಅದನ್ನೂ ಇದನ್ನೂ ಒತ್ತುತ್ತ ಮಧ್ಯಾಹ್ನವಾಯಿತು. ಅದೇ ಚೀಲದ ಅದೇ ದಾಣಾ ಮಧ್ಯಾಹ್ನಕ್ಕೆ ಒಲ್ಲೆ ಒಲ್ಲೆ ಎಂದು ನಿಧಾನ ಇಳಿಯಿತು. ಪಕ್ಕಾ ಪೈಪು.

ಮರುದಿನ ಬೆಳಿಗ್ಗೆ ಮತ್ತೆ ಬಕೆಟ್ಟು. ಮಧ್ಯಾಹ್ನ ಪೈಪು.

ಅಣ್ಣಾಸಾಬರು ಬಾಗಿಲಿಗೆ ಕೈ ಕೊಟ್ಟು ನಿಂತರು. "ಏನ್ರಿ ಬಾಯಾರ, ಮುಂಜಾನಿ ಬಕೀಟ, ಮಧ್ಯಾಹ್ನ ಪೈಪ. ಸಂಜಿಕ ಏನಾಗತೈತಿ, ಚಪ್ಲಿ?"

ನನಗೆ ನಗು ತಡೆಯಲಿಲ್ಲ. ಸುರೇಖಾಬಾಯಿ ನನ್ನ ಕಡೆ ಒಂದು ನೋಟ ಬಿಟ್ಟಳು. ನುಂಗಿಕೊಂಡೆ.

"ನಕ್ಕೊತ ಹೇಳಾಕತ್ತೀನಿ, ಖರೆ ನಗಿ ಅಲ್ಲ ಇದು," ಎಂದರು ಅಣ್ಣಾಸಾಬರು. "ಭೀಮಣ್ಣನ ಚರಿ ಬಾಯಿ ತಗದ ಕುಂತಾವ. ಖಂಡೆ ಪೂಜಿ ತನಾ ನೋಡತೀನಿ. ಅಷ್ಟರಾಗ ನಿಮ್ಮ ಮಷೀನ ಒಂದ ಮಾತ ಹೇಳಬೇಕು. ಇಲ್ಲಂದ್ರ ಈ ಖೋಲಿಗೆ ಕೀಲಿ ಹಾಕತೀನಿ. ನನ್ನ ಹಲ್ಲರ ದಿನಕ್ಕೊಂದ ಹೇಳತಿದ್ದಿಲ್ಲ."

ಅರ್ಥ ಸ್ಪಷ್ಟ ಇತ್ತು. ಖೋಲಿ ಮುಚ್ಚಿದರೆ ಸುರೇಖಾಬಾಯಿ ಅಪ್ಪನ ಮನೆಗೆ, ಅಲ್ಲಿಂದ ಯಾರದೋ ಮನೆಗೆ. ನಾನು ಸೋಡಾ ನೀರಿನ ಟಾಕಿಗೆ. ಆ ಸಂಜೆ ನಾನು ಮನೆಗೆ ಹೋಗುವಾಗ ಟಾಕಿಯ ಕಡೆ ನೋಡದೆ ಹೋದೆ.

ಸುರೇಖಾಬಾಯಿ ಅಳುವ ಪೈಕಿ ಅಲ್ಲ. ಮರುದಿನ ಹಳೆಯ ಒಳ್ಳೆಯ ಮಾಲಿನ ಡಬ್ಬಿ ತೆಗೆದಳು. ಪ್ರತಿ ಲಾರಿಯಿಂದಲೂ ಒಂದು ಹಿಡಿ ಎತ್ತಿಟ್ಟಿರುತ್ತಿದ್ದಳು. ಅದರ ಅಂಕಿ ನಮಗೆ ಬಾಯಿಪಾಠ. ಬೆಳಿಗ್ಗೆ ಅದನ್ನು ಒತ್ತಿದರೆ ಅದೂ ಸರ್ ಎಂದು ಹರಿಯಿತು.

"ಅಕ್ಕಾ, ದಾಣಾ ಚಲೋ ಐತಿ. ಮಷೀನಿಗೆ ಏನೋ ಆಗೇತಿ," ಎಂದಳು. ದನಿಯಲ್ಲಿ ಸ್ವಲ್ಪ ಜೀವ ಬಂದಿತ್ತು.

ಏನಾಗಿದೆ? ಬೆಳಿಗ್ಗೆ ಕರೆಂಟು ಜೋರಿರುತ್ತದೆ, ಕಾವು ಹೆಚ್ಚಾಗುತ್ತಿರಬೇಕು ಅಂದುಕೊಂಡೆವು. ಕಾವಿನ ಗಾಜಿನ ನಳಿಗೆ ನೋಡಿದರೆ ಪಾದರಸ ಇರುವಲ್ಲಿಯೇ ಇತ್ತು. ಕಿಂಡಿ ಸವೆದಿರಬೇಕು ಅಂದುಕೊಂಡೆವು. ಅಳತೆಯ ಕಡ್ಡಿ ತೂರಿಸಿದರೆ ಸರಿಯಿತ್ತು. ಸವೆದ ಕಿಂಡಿ ಮಧ್ಯಾಹ್ನಕ್ಕೆ ಮತ್ತೆ ಬೆಳೆಯುತ್ತದೆಯೇ? ನನ್ನ ಕೈ ಗಡಿಬಿಡಿ ಮಾಡುತ್ತಿದೆ ಎಂದು ಬ್ಲೇಡನ್ನು ತಾನೇ ಹಿಡಿದಳು. ಅದೇ ಉತ್ತರ. ಟಾಕಿಯ ಹೆಂಗಸರು ದೃಷ್ಟಿ ತಾಗಿದೆ ಎಂದು ಲಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿ ಹೋದರು. ಸುರೇಖಾಬಾಯಿ ಅದನ್ನು ಬಿಚ್ಚಲಿಲ್ಲ. ಬಿಚ್ಚುವಷ್ಟು ಧೈರ್ಯ ಅವಳಿಗೂ ಉಳಿದಿರಲಿಲ್ಲ.

ಆಯಿ ಸಂಜೆ ಬಂದಾಗ ನಾವು ಸಪ್ಪಗೆ ಕೂತಿದ್ದೆವು.

"ಯಾಕಬೇ ಹುಡುಗಿ, ಮಾರಿ ಹಂಗ ಮಾಡೀದಿ?"

"ಮಷೀನಿಗೆ ಆರಾಮ ಇಲ್ರಿ ಆಯಿ."

"ಆರಾಮ ಆಗತೈತಿ. ನಾ ಅದೀನಲ್ಲ, ದಿನಾ ನೋಡಕೊಳ್ಳಾಕತ್ತೀನಿ," ಎಂದು ಅವಳ ತಲೆ ಸವರಿ, ಇಬ್ಬರ ಕೈಗೂ ಒಂದೊಂದು ಕರಜಿಕಾಯಿ ಇಟ್ಟು ಹೋದಳು. ಪಾಪ, ದೇವರನ್ನು ಬೇಡಿಕೊಳ್ಳುತ್ತಿದ್ದಾಳೆ ಅಂದುಕೊಂಡೆವು. ಮರುದಿನ ಬೆಳಿಗ್ಗೆ ಮಷೀನು ಇನ್ನೂ ಕೆಟ್ಟಿತ್ತು. ಎಳೆ ಎಳೆಯಾಗಿರಲಿಲ್ಲ, ಜೊಲ್ಲಾಗಿತ್ತು.

ಖಂಡೆ ಪೂಜೆ, ಅಂದರೆ ಆಯುಧ ಪೂಜೆ, ಬಂತು. ಕಾರಖಾನೆಯನ್ನೆಲ್ಲ ತೊಳೆದು, ಮಷೀನುಗಳಿಗೆ ಚೆಂಡುಹೂ ಕಟ್ಟಿ, ಬಾಗಿಲಿಗೆ ಕಬ್ಬು ನಿಲ್ಲಿಸಿದ್ದರು. ಪೂಜೆಯ ದಿನ ಯಾವ ಮಷೀನೂ ಚಾಲೂ ಆಗುವುದಿಲ್ಲ. ಭೀಮಣ್ಣನೂ ಜುಗೂಳದಿಂದ ಬಂದಿದ್ದ, ಕೈಯಲ್ಲಿ ತೆಂಗಿನಕಾಯಿ, ಮುಖದಲ್ಲಿ ಮೋಡ. ಎಲ್ಲ ಕಡೆ ಆರತಿ ಮುಗಿಸಿ ಕೊನೆಗೆ ನಮ್ಮ ಖೋಲಿಗೆ ಬಂದರು. ಮುಂದೆ ಆಯಿ, ಹಿಂದೆ ಅಣ್ಣಾಸಾಬರು, ಭೀಮಣ್ಣ, ಟಾಕಿಯ ಹೆಂಗಸರು. ಅಣ್ಣಾಸಾಬರ ಕಿಸೆಯಲ್ಲಿ ಹೊಸ ಕೀಲಿ ಇತ್ತು. ನಾನು ನೋಡಿದೆ.

ಆಯಿ ಘಟಕ್ಕೆ ಆರತಿ ಮಾಡಿದಳು. ದೀಪಕ್ಕೆ ಎಣ್ಣೆ ಹಾಕಿದಳು. ಮಷೀನಿಗೆ ಕುಂಕುಮ ಹಚ್ಚಿದಳು. ಆಮೇಲೆ ಅದೇ ಎಣ್ಣೆಯ ಚಮಚ ಎತ್ತಿ, ಒತ್ತುಗೋಲನ್ನು ಎಡಗೈಯಿಂದ ತೆಗೆದಿಟ್ಟು, ಕಂಬದ ಬಾಯಿಗೆ ತುಳುಕದ ಹಾಗೆ ಎಣ್ಣೆ ಬಿಟ್ಟಳು. ಸೆರಗಿನ ತುದಿಯಿಂದ ಒತ್ತುಗೋಲಿಗೂ ಸವರಿದಳು. ಕೈ ಪಳಗಿತ್ತು.

"ಆಯೀ!" ಎಂದಳು ಸುರೇಖಾಬಾಯಿ.

"ಏನಬೇ?"

"ಏನ ಮಾಡಿದ್ರಿ?"

"ಎಣ್ಣಿ ಹಾಕೀನಿ."

"ಇವತ್ತ ಹಾಕಿದ್ರೇನು?"

"ಇವತ್ತ ಯಾಕ? ಘಟಾ ಕೂಡ್ರಿಸಿದಾಗಿಂದ ದಿನಾ ಮುಂಜಾನಿ ಹಾಕಾಕತ್ತೀನಿ. ಆರಾಮ ಇಲ್ಲ ಅಂದೆಲ್ಲ, ಅವತ್ತಿಂದ ಎರಡ ಚಮಚಾ. ಒಣ ಸೋರ್ಯಾ ಒತ್ತತಾರೇನು ಯಾರರ? ಹಿಟ್ಟ ಹಿಡೀತೈತಿ, ಎಳಿ ಹರೀತಾವ. ಇಷ್ಟ ಓದಿ ಅಷ್ಟ ತಿಳಿಯಂಗಿಲ್ಲೇನ ನಿಮಗ?"

ಮೊದಲು ನಕ್ಕವನು ಭೀಮಣ್ಣ. ಅವನ ನಗು ಗುಡುಗಿನಂಥದ್ದು. ಅದು ಶುರುವಾದ ಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಟಾಕಿಯ ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದರು. ನಾನು ಗೋಡೆ ಹಿಡಿದುಕೊಂಡೆ. ಸುರೇಖಾಬಾಯಿ ಮೇಜಿನ ಮೇಲೆ ತಲೆಯಿಟ್ಟು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು. ತಂಬಾಕಿನ ವಖಾರದ ನನ್ನ ಮೂಗು, ಅದರ ಸೊಕ್ಕು, ದೀಪದ ಎಣ್ಣೆಗೂ ಕಾದ ಎಣ್ಣೆಗೂ ವ್ಯತ್ಯಾಸ ಹೇಳದೆ ಧೂಪದ ಹೊಗೆಯಲ್ಲಿ ಸತ್ತುಹೋಗಿತ್ತು.

"ಅಣ್ಣಾಸಾಬ್ರ," ಎಂದ ಭೀಮಣ್ಣ ಕಣ್ಣು ಒರೆಸಿಕೊಳ್ಳುತ್ತ, "ನನ್ನ ಪೈಪ ತಡದವರು ನಿಮ್ಮ ಮನ್ಯಾಗ ಸಿಕ್ಕರಲ್ರಿ!"

ಅಣ್ಣಾಸಾಬರ ಮುಖ ಕೆಂಪಗಾಗಿ, ಮೀಸೆ ನಡುಗಿ, ಕೊನೆಗೆ ಅವರೂ ನಕ್ಕುಬಿಟ್ಟರು.

ಆಯಿಗೆ ಸಿಟ್ಟು ಬಂತು. "ನನ್ನ ನೋಡಿ ಯಾಕ ನಗತೀರಿ? ನಾ ಹಾಕಿದ ಎಣ್ಣಿಯಿಂದ ಸಲೀಸ ಆಗಿಲ್ಲೇನು?"

ಸುರೇಖಾಬಾಯಿ ಆಯಿಯ ಎರಡೂ ಕೈ ಹಿಡಿದಳು. "ಆಗೇತ್ರಿ ಆಯಿ. ಬಾಳ ಸಲೀಸ ಆಗೇತಿ. ಅದ ತೊಂದರಿ. ಇದು ತಿನ್ನೂ ಚಕ್ಕಲಿ ಅಲ್ಲ. ಇದಕ್ಕ ತ್ರಾಸ ಆಗಬೇಕ್ರಿ. ಎಷ್ಟ ತ್ರಾಸ ಪಟ್ಟ ಹೊರಗ ಬರತೈತಿ ಅನ್ನೂದನ್ನ ನಾವ ನೋಡೂದು. ಎಣ್ಣಿ ಬಿದ್ರ ಎಲ್ಲಾ ಜಾರಿಕೊಂಡ ಬರತೈತಿ, ಉದ್ದ ಯಾವದು ಗಿಡ್ಡ ಯಾವದು ತಿಳಿಯಂಗಿಲ್ಲ."

ಆಯಿ ಯೋಚಿಸಿದಳು. "ಹಂಗಾರ ಮಧ್ಯಾಹ್ನ ಹೆಂಗ ಸುದ್ದ ಆಗತಿತ್ತು?"

"ಒತ್ತಿ ಒತ್ತಿ ನಿಮ್ಮ ಎಣ್ಣಿ ತೀರತಿತ್ತರಿ," ಎಂದೆ ನಾನು. "ಮತ್ತ ಮುಂಜಾನಿ ನೀವ ಬರತಿದ್ರಿ."

ಮತ್ತೆ ನಗು. ಈ ಸಲ ಆಯಿಯೂ ನಕ್ಕಳು, ಹಲ್ಲಿಲ್ಲದ ಬಾಯಿ ಅಗಲ ಮಾಡಿ.

ಎಣ್ಣೆ ತೆಗೆದು ಹೊಸ ಮಾಲನ್ನು ಒತ್ತಿ ನೋಡಿದರೆ ಎಲ್ಲ ಇತ್ಯರ್ಥ. ಆದರೆ ಖಂಡೆ ಪೂಜೆ. ಮಷೀನು ಹಚ್ಚುವ ಹಾಗಿಲ್ಲ. ಅಣ್ಣಾಸಾಬರು ತಾಯಿಯ ಕಡೆ ನೋಡಿದರು. ಭೀಮಣ್ಣ ಕಿಟಕಿಯಿಂದ ಮೋಡದ ಕಡೆ ನೋಡಿದ.

"ಹಚ್ಚ್ರಿ," ಎಂದಳು ಆಯಿ. "ಕೆಡಿಸಿದಾಕಿ ನಾ. ದೇವರ ಮುಂದ ಉತ್ತರಾ ನಾ ಕೊಡತೀನಿ."

ಕಂಬ ಕಾದ ಮೇಲೆ ಅರಿವೆ ಸುತ್ತಿದ ಕೋಲಿನಿಂದ ಒಳಗನ್ನು ಒರೆಸಿದೆ. ಒಮ್ಮೆ ಅಲ್ಲ, ಅರಿವೆ ಬಿಳಿ ಬರುವವರೆಗೂ ಒರೆಸಿದೆ. ಹಿಡಿ ಹಿಡಿ ದಾಣಾ ಹಾಕಿ ಸುಮ್ಮನೆ ಒತ್ತಿ ಚೆಲ್ಲಿದೆ. ಮೊದಲು ಹಳೆಯ ಮಾಲು ಒತ್ತಿದೆವು. ಅದರ ಅಂಕಿ ಅದಕ್ಕೆ ಬಂತು. ಆಮೇಲೆ ಹೊಸದು. ಖೋಲಿಯಲ್ಲಿ ಅಷ್ಟು ಜನ ಇದ್ದರೂ ಗಡಿಯಾರದ ಟಿಕ್ ಟಿಕ್ ಕೇಳುತ್ತಿತ್ತು. ಕಿಂಡಿಯಿಂದ ಎಳೆ ಮೂಗು ತೋರಿಸಿತು. ನಿಂತ ಹಾಗೆ ಕಂಡಿತು. ನಾಚಿಕೊಂಡ ಮದುವಣಗಿತ್ತಿಯ ಹಾಗೆ ಇಳಿಯಿತು. "ಹ್ಞಾ" ಎಂದಳು. ಕತ್ತರಿಸಿದೆ. ಕೈ ನಡುಗಲಿಲ್ಲ.

"ಪೈಪ!" ಎಂದಳು ಸುರೇಖಾಬಾಯಿ.

ಭೀಮಣ್ಣ ಆರಿದ ತುಂಡು ಎತ್ತಿಕೊಂಡು ಎರಡೂ ಕೈಯಿಂದ ಜಗ್ಗಿದ. ಉದ್ದ ಬಂತು, ಮೊಂಡ ಎತ್ತಿನಂತೆ ಹಟ ಮಾಡಿತು, ಹರಿಯಲಿಲ್ಲ. ಅದನ್ನು ಟೊಪ್ಪಿಗೆಯ ಅಂಚಿಗೆ ಸಿಕ್ಕಿಸಿಕೊಂಡ.

ಅಣ್ಣಾಸಾಬರು ಕಿಸೆಯಿಂದ ಕೀಲಿ ತೆಗೆದರು.

"ಕೀಲಿ ಹಾಕತೀನಿ ಅಂದಿದ್ದೆ. ಹಾಕತೀನಿ," ಎಂದರು. "ಆಯಿ ಕಡಿಂದ ಉಳಿಸಾಕ ಬೇರೆ ದಾರಿ ಇಲ್ಲ. ಕೀಲಿಕೈ ಬಾಳವ್ವನ ಕಡೆ ಇರಲಿ." ಕೀಲಿಕೈಯನ್ನು ನನ್ನ ಕೈಗೆ ಹಾಕಿದರು. ನಾನು ಅದನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡೆ. ಕೆಲಸ ಬಿಡುವ ದಿನದವರೆಗೂ ಅಲ್ಲಿಯೇ ಇತ್ತು.

ಎಲ್ಲರೂ ಪ್ರಸಾದಕ್ಕೆ ಹೊರಗೆ ಹೋದರು. ಆಯಿ ಮಾತ್ರ ಎಣ್ಣೆಯ ಚಮಚ ಹಿಡಿದು ಮಷೀನಿನ ಮುಂದೆ ನಿಂತೇ ಇದ್ದಳು. "ನಾಳೆ ಘಟಾ ಏಳಸಬೇಕು," ಎಂದಳು, ನನಗೋ ಮಷೀನಿಗೋ. "ಇಷ್ಟ ದಿನಾ ಹಾಕಿ, ಕಡೀ ದಿನಾ ಹಾಂಗ ಬಿಡೂದು ಹೆಂಗ?"

ಮರುದಿನ ದಸರೆ. ಕಾರಖಾನೆಗೆ ರಜೆ. ಬೆಳಿಗ್ಗೆ ಬೇಗ ಎದ್ದು, ಅಟ್ಟದ ಮೇಲಿದ್ದ ನಮ್ಮ ಹಿತ್ತಾಳೆ ಸೋರ್ಯಾ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಕಾರಖಾನೆಗೆ ಹೋಗಿ, ಕೀಲಿ ತೆಗೆದು, ಮಷೀನಿನ ಮುಂದೆ ಮೇಜಿನ ಮೇಲೆ ಸೋರ್ಯಾ ಇಟ್ಟೆ. ಆಯಿ ಬಂದಳು. ಮಷೀನು ನೋಡಿದಳು, ಸೋರ್ಯಾ ನೋಡಿದಳು, ನನ್ನ ಮುಖ ನೋಡಿದಳು. ದೀಪಕ್ಕೆ ಎಣ್ಣೆ ಹಾಕಿ, ಆಮೇಲೆ ಸೋರ್ಯಾದ ಒಳಗೆ ಸುತ್ತಲೂ ಬೆರಳಿನಿಂದ ಎಣ್ಣೆ ಸವರಿದಳು.

"ಎಣ್ಣಿ ಹಾಕೀನಿ," ಎಂದಳು. "ಹಿಟ್ಟ ಎಲ್ಲೈತಿ?"

ನಾನು ಚೀಲದಿಂದ ಒದ್ದೆ ಅರಿವೆಯ ಗಂಟು ತೆಗೆದು ಬಿಚ್ಚಿದೆ. ಹಿಟ್ಟನ್ನೂ ನಾದಿಕೊಂಡೇ ಬಂದಿದ್ದೆ.